ಇಬ್ಬರು ಬಾಮೈದರಿಗೆ ಒಬ್ಬ ಎಸೆತಗಾರ

"ನನ್ನ ದಾಂಡಿಗರಂಥ ದಾಂಡಿಗರು ಈ ಸೀಮೆಯಲ್ಲೇ ಇಲ್ಲ" ಎಂದು ಸಿಂಗನಗುಡ್ಡದ ಪಾಳೆಯಗಾರ ಹಾಲಪ್ಪ ನಾಯಕ ದಿನಕ್ಕೆ ಮೂರು ಸಲ ಹೇಳುತ್ತಿದ್ದ. ಊಟಕ್ಕೆ ಮೊದಲು ಒಮ್ಮೆ, ಊಟದ ನಡುವೆ ಒಮ್ಮೆ, ಕೈ ತೊಳೆದ ಮೇಲೆ ಒಮ್ಮೆ. ಆ ದಾಂಡಿಗರು ಮೂರು ವರ್ಷದಿಂದ ಸೋಲುತ್ತಲೇ ಇದ್ದಾರೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಪಂದ್ಯ ಪಕ್ಕದ ಬಿಲ್ಲನಕೋಟೆಯ ಓಬಳ ನಾಯಕನ ತಂಡದ ಜೊತೆ. ಆಟ ಚೆಂಡುದಾಂಡು. ಒಬ್ಬ ಎಸೆಯಬೇಕು, ಒಬ್ಬ ಹೊಡೆಯಬೇಕು. ಚೆಂಡು ಹಿಂದಿನ ಗೂಟಕ್ಕೆ ತಗುಲಿದರೆ ಹೊಡೆಯುವವನು ಹೊರಗೆ. ಗೆದ್ದ ಊರಿಗೆ ಆ ವರ್ಷದ ಸೋಮವಾರದ ಸಂತೆ. ನಾಲ್ಕು ವರ್ಷ ಸತತವಾಗಿ ಸೋತ ಊರಿಗೆ ಸಂತೆ ಇನ್ನೆಂದೂ ಇಲ್ಲ ಎಂದು ಹಿರಿಯರು ಕಲ್ಲಿನಲ್ಲಿ ಕೆತ್ತಿಸಿ ಹೋಗಿದ್ದರು. ಸಿಂಗನಗುಡ್ಡದ ಬಳೆಗಾರರೂ ಕಂಬಳಿ ನೇಯುವವರೂ ಆಗಲೇ ಊರು ಬಿಡುವ ಮಾತಾಡುತ್ತಿದ್ದರು.

ಹೀಗಿರುವಾಗ ಓಬಳ ನಾಯಕನಿಂದ ಓಲೆ ಬಂತು. "ನಿಮ್ಮ ಬಾಮೈದರಾದ ಸರ್ಜಪ್ಪ, ಬೊಮ್ಮಪ್ಪ ಇಬ್ಬರನ್ನೂ ನನಗೆ ಕೊಡಿ. ನನ್ನ ಎಸೆತಗಾರ ದುರುಗನನ್ನು ನಿಮಗೆ ಕೊಡುತ್ತೇನೆ."

ಈ ಬಾಮೈದರು ಹೊಸ ರಾಣಿಯ ತಮ್ಮಂದಿರು. ಅಕ್ಕನ ಜೊತೆ ದಿಬ್ಬಣದಲ್ಲಿ ಬಂದವರು ತಿರುಗಿ ಹೋಗಿರಲಿಲ್ಲ. ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ಆಡಿ, ಬಂದ ಚೆಂಡನ್ನೆಲ್ಲ ಕೋಟೆಯಾಚೆಗೆ ಅಟ್ಟಿದ್ದರು. ಅತಿಥಿಯಾಗಿ ಬಂದಿದ್ದ ಓಬಳ ನಾಯಕ ಬಾಯಿ ಬಿಟ್ಟುಕೊಂಡು ನೋಡಿದ್ದ. ಆದರೆ ಅವನು ಕೂತದ್ದು ದೂರದ ಮಂಟಪದಲ್ಲಿ, ಹಾಗಾಗಿ ಎಸೆತಗಾರನ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಅರಮನೆಯವರು ದಾಂಡು ಹಿಡಿದರೆ ಎಸೆಯುವವನು ಮೊದಲು ಕೈಮುಗಿದು, "ಎಲ್ಲಿಗೆ ಹಾಕಲಿ ಬುದ್ಧಿ?" ಎಂದು ಕೇಳಬೇಕು. ಕೇಳಿದ ಜಾಗಕ್ಕೇ ಹಾಕಬೇಕು. ಅದು ಸಿಂಗನಗುಡ್ಡದ ವಾಡಿಕೆ.

ನಾಯಕ ತನ್ನ ಆಸ್ಥಾನದ ಚತುರ ಅಳಸಿಂಗನನ್ನು ಕರೆಸಿದ.

"ಇಬ್ಬರನ್ನು ಕೊಟ್ಟು ಒಬ್ಬನನ್ನು ತಗೊಳ್ಳೋದು ನಷ್ಟ ಅಲ್ವೇನಯ್ಯ?"

"ಹೋದ ವರ್ಷ ನಾವು ಎಷ್ಟು ಹೊಡೆದೆವು ಬುದ್ಧಿ?"

"ಎಪ್ಪತ್ತು."

"ಅವರು?"

ನಾಯಕ ಮೀಸೆ ತಿರುವುತ್ತ, "ತೊಂಬತ್ತು" ಎಂದ.

"ನಮ್ಮಲ್ಲಿ ಇನ್ನೂ ನಾಲ್ಕು ಜನ ದಾಂಡಿಗರಿದ್ದಿದ್ದರೆ ಅವರು ತೊಂಬತ್ತು ಹೊಡೆಯೋದು ತಪ್ತಿತ್ತೆ? ನಮಗೆ ಬೇಕಾಗಿರೋದು ಅವರನ್ನು ತಡೆಯೋ ಕೈ. ದುರುಗ ಹತ್ತು ವರ್ಷ ಜೋಳದ ಹೊಲದಲ್ಲಿ ಕಲ್ಲು ಬೀರಿ ಹಕ್ಕಿ ಓಡಿಸಿದವನು. ಯಾವ ಹಕ್ಕಿಯನ್ನೂ ಅವನು ಎಲ್ಲಿಗೆ ಹಾಕಲಿ ಅಂತ ಕೇಳಿದವನಲ್ಲ."

ನಾಯಕನಿಗೆ ಮಾತು ನಾಟಿತು. ಅದರ ಹಿಂದೆಯೇ ರಾಣಿಯ ಮುಖವೂ ನೆನಪಾಯಿತು.

"ಹಾಗಾದ್ರೆ ನೀನೇ ಮಾಡಿಸು. ಆದ್ರೆ ಬಾಮೈದರಿಗೆ ಬೇಜಾರಾಗಬಾರದು, ರಾಣಿ ಒಂದು ಮಾತೂ ಆಡಬಾರದು, ಸಂತೆಯೂ ನಮ್ಮ ಕೈಗೆ ಬರಬೇಕು. ಇದರಲ್ಲಿ ಒಂದು ತಪ್ಪಿದ್ರೂ ನೀನು ಊರು ಬಿಡು."

ಅಳಸಿಂಗ ನೇರವಾಗಿ ಬಾಮೈದರ ಬಿಡಾರಕ್ಕೆ ಹೋದ. ಇಬ್ಬರೂ ಕೈಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು.

"ಓಬಳ ನಾಯಕರು ನಿಮ್ಮಿಬ್ಬರನ್ನೂ ಹೆಸರು ಹಿಡಿದು ಕೇಳಿದ್ದಾರೆ, ದೊರೆ. ನಾನು ಬೇಡ ಅಂದೆ."

ಸರ್ಜಪ್ಪ ಎದ್ದು ಕೂತ. "ಬೇಡ ಅನ್ನೋಕೆ ನೀನ್ಯಾರು?"

"ಊರವರ ಮಾತಿಗೆ ಹೆದರಿ ಅಂದೆ. ಇವರ ಹೊಡೆತವೆಲ್ಲ ಅಕ್ಕನ ಅಂಗಳದಲ್ಲಿ ಮಾತ್ರ, ಹೊರಗೆ ಹೋದರೆ ಗೊತ್ತಾಗುತ್ತೆ ಅಂತಾರೆ."

"ಹಾಗಂತಾರಾ?" ಎಂದ ಬೊಮ್ಮಪ್ಪ, ಎಣ್ಣೆಗೈಯಲ್ಲೇ ಪೇಟ ಸುತ್ತತೊಡಗಿದ. "ಅಣ್ಣ, ನಡಿ. ಈಗಲೇ ಹೋಗೋಣ."

ಅಳಸಿಂಗ ಎಷ್ಟು ಬೇಡಿಕೊಂಡರೂ ಅವರು ಕೇಳಲಿಲ್ಲ. ಅವನು ಬಹಳ ಬೇಡಿಕೊಳ್ಳಲೂ ಇಲ್ಲ. ರಾಣಿಯನ್ನು ಅವರೇ ಒಪ್ಪಿಸಿದರು. ತಮ್ಮಂದಿರ ಕೀರ್ತಿ ಗಡಿ ದಾಟುತ್ತಿದೆ ಎಂದು ಅವಳೇ ಆರತಿ ಎತ್ತಿ ಕಳಿಸಿದಳು. ಸಂಜೆಗೆ ದುರುಗ ಹೆಗಲ ಮೇಲೊಂದು ಕಂಬಳಿ ಹಾಕಿಕೊಂಡು ಸಿಂಗನಗುಡ್ಡಕ್ಕೆ ಬಂದ.

ಪಂದ್ಯದ ದಿನ ಸಿಂಗನಗುಡ್ಡದವರು ಮೊದಲು ಆಡಿ ಹೊಡೆದದ್ದು ಐವತ್ತೆರಡು. ಬಳೆಗಾರರ ಮುಖ ಬಾಡಿತು. ಆಮೇಲೆ ದುರುಗ ಚೆಂಡು ಹಿಡಿದ. ಬಿಲ್ಲನಕೋಟೆಯ ದಾಂಡಿಗರು ಒಬ್ಬೊಬ್ಬರಾಗಿ ಗೂಟ ಕಳೆದುಕೊಂಡು ನಲವತ್ತಕ್ಕೆ ಬಂದು ನಿಂತರು. ಉಳಿದವರು ಬಾಮೈದರಿಬ್ಬರೇ. ಓಬಳ ನಾಯಕ ನಿರಾಳವಾಗಿ ಎಲೆಅಡಿಕೆ ಬಾಯಿಗಿಟ್ಟುಕೊಂಡ.

ಸರ್ಜಪ್ಪ ದಾಂಡು ಊರಿ ನಿಂತು ದುರುಗನ ಮುಖವನ್ನೇ ನೋಡಿದ. ದುರುಗ ಏನೂ ಕೇಳಲಿಲ್ಲ. ಸರ್ಜಪ್ಪ ಕಾದ, ಕೆಮ್ಮಿದ, ತಾನೇ ಮುಂದಾಗಿ "ಬಲಗಡೆ, ಮೊಣಕಾಲೆತ್ತರಕ್ಕೆ" ಎಂದ. ಅಷ್ಟರಲ್ಲಿ ಗೂಟ ಬಿದ್ದಿತ್ತು.

"ಅವನು ಕೇಳಲೇ ಇಲ್ಲ" ಎಂದು ಸರ್ಜಪ್ಪ ಪಂಚರ ಹತ್ತಿರ ಹೋದ.

"ಏನು ಕೇಳಬೇಕಿತ್ತು?" ಎಂದರು ಪಂಚರು.

ಬೊಮ್ಮಪ್ಪ ಜಾಣ. ಅವನು ಕಾಯದೆ ಮೊದಲೇ ದಾಂಡು ಬೀಸಿಬಿಟ್ಟ. ಚೆಂಡು ಆಮೇಲೆ ಬಂದು ಗೂಟ ಬೀಳಿಸಿತು.

ಸಂತೆ ಸಿಂಗನಗುಡ್ಡಕ್ಕೆ ಬಂತು. ಮೊದಲ ಸೋಮವಾರ ಬಳೆಗಾರರು ಅಳಸಿಂಗನ ಹೆಂಡತಿಗೆ ಎರಡು ಕೈ ತುಂಬ ಬಳೆ ತೊಡಿಸಿ ಕಾಸು ಬೇಡವೆಂದರು. ನಾಯಕ ತನ್ನ ಕೈಯ ಚಿನ್ನದ ಕಡಗ ಬಿಚ್ಚಿ ಅಳಸಿಂಗನಿಗೆ ತೊಡಿಸಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಏನೋ ಹೊಳೆದು ಅಳಸಿಂಗನ ಕಡೆ ತಿರುಗಿದ.

"ಅಳಸಿಂಗ, ನಾನು ಆಡುವಾಗಲೂ ನಮ್ಮವರು ಎಲ್ಲಿಗೆ ಹಾಕಲಿ ಅಂತ ಕೇಳ್ತಾರಲ್ಲ?"

"ಕೇಳ್ತಾರೆ ಬುದ್ಧಿ."

"ಮತ್ತೆ ನನ್ನ ಆಟದ ಬಗ್ಗೆ ನಿನ್ನ ಅಭಿಪ್ರಾಯ ಏನು?"

ಅಳಸಿಂಗ ಕಡಗವನ್ನು ಮೊಣಕೈವರೆಗೂ ಏರಿಸಿಕೊಂಡು ಕೈಮುಗಿದ.

"ಓಬಳ ನಾಯಕರು ತಮ್ಮನ್ನೂ ಕೊಡಿ ಅಂತ ಕೇಳಲಿಲ್ಲ ಅನ್ನೋದೊಂದೇ ನನ್ನ ಕೊರಗು, ಬುದ್ಧಿ. ಕೇಳಿದ್ದರೆ ತಮ್ಮ ಬೆಲೆಗೆ ಅವರ ಎಸೆತಗಾರರು ಒಬ್ಬರೂ ಅಲ್ಲಿ ಉಳೀತಿರಲಿಲ್ಲ."