ಎದುರಾಳಿಗೆ ಮರಳು ಎಳೆದ ಗುರು

ಚಿನ್ನದ ಗಣಿಯ ಊರಿನಲ್ಲಿ ಮುನಿಚೌಡಪ್ಪ ಎಂಬ ಮುದುಕನಿದ್ದ. ಗಣಿಯ ಬಿಳಿ ದೊರೆಗಳ ಗಾಲ್ಫ್ ಕೋಲಿನ ಚೀಲ ಹೊತ್ತು ಆಟ ಕಲಿತವನು, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವನು, ಊರಿನ ಗಾಲ್ಫ್ ಕಪ್ಪನ್ನು ಐದು ಸಲ ಗೆದ್ದ ಭೂಪ. ಗೆದ್ದ ದಿನವೂ ಅವನಿಗೆ ಊಟ ಹಾಕಿದ್ದು ಕ್ಲಬ್ಬಿನ ಹಿಂಬಾಗಿಲಲ್ಲೇ ಅನ್ನಿ.

ಅವನ ಶಿಷ್ಯ ತಿಮ್ಮರಾಯ. ಈ ಸಲದ ಕಪ್ಪಿಗೆ ಕೊನೆಯ ಆಟ ಅವನಿಗೂ ಗಣಿಯ ಒಬ್ಬ ದೊರೆಗೂ. ಕಡಿಮೆ ಏಟಿನಲ್ಲಿ ಚೆಂಡು ಹಾಕಿದವನು ಆ ಕುಳಿ ಗೆದ್ದಂತೆ, ಹೆಚ್ಚು ಕುಳಿ ಗೆದ್ದವನಿಗೆ ಕಪ್ಪು. ಗೆದ್ದರೆ ತಿಮ್ಮರಾಯ ಆಟದಿಂದಲೇ ಬದುಕಬಹುದು, ಸೋತರೆ ಮತ್ತೆ ಚೀಲ ಹೊರಬೇಕು.

ಆ ಬಯಲಲ್ಲಿ ಹುಲ್ಲೆಲ್ಲಿ ಬರಬೇಕು! ಕುಳಿಯ ಸುತ್ತ ಎಣ್ಣೆ ಕಲೆಸಿದ ಮರಳು. ಹೊಡೆಯುವ ಮುಂಚೆ ಹಲಗೆ ಎಳೆದು, ಹೆಜ್ಜೆಗುರುತು ಅಳಿಸಿ, ಚೆಂಡಿಗೆ ದಾರಿ ಮಾಡಬೇಕು. ದಿನಾ ಆ ಕೆಲಸ ತಿಮ್ಮರಾಯನದು.

ಎರಡೇ ಕುಳಿ ಉಳಿದಿದ್ದಾಗ ಅವನು ಒಂದು ಕುಳಿ ಮುಂದಿದ್ದ. ನೀರು ಕುಡಿಯಲು ಗುರು ಕೂತಿದ್ದ ಹೊಂಗೆಯ ನೆರಳಿಗೆ ಬಂದ.

"ಗೆಲ್ತಿರೋನು ಹಿಂಗ್ಯಾಕೋ ಸಪ್ಪಗಿದ್ದೀಯ?" ಎಂದ ಗುರು.

"ದೊರೆ ನನ್ನ ಕೈಲೇ ಅವನ ಚೆಂಡಿನ ದಾರಿ ಎಳೆಸಿದ, ಗುರುಗಳೇ. ಎದುರಾಳಿ ಅಂತಲೂ ನೋಡಲಿಲ್ಲ. ಮೈಯೆಲ್ಲ ಉರಿದುಹೋಯ್ತು. ಹಲಗೆ ಓರೆ ಹಿಡಿದು ಉಗುರಿನಷ್ಟು ದಿಬ್ಬ ಬಿಟ್ಟೆ. ಅವನ ಚೆಂಡು ಪಕ್ಕಕ್ಕೆ ಹೋಯ್ತು. ಆ ಕುಳಿಯಿಂದಲೇ ನಾನು ಮುಂದೆ. ಯಾರ ಕಣ್ಣಿಗೂ ಬೀಳಲಿಲ್ಲ."

"ಉಗುರಿನಷ್ಟೇ ದಿಬ್ಬ, ಆದರೂ ನಿನ್ನ ಕಾಲಿಗೇ ತೊಡರಿದೆ. ಹೋಗು, ನಿಜ ಹೇಳಿ ಮುಂದಿನ ಕುಳಿ ಆಡದೆ ಬಿಟ್ಟುಕೊಡು."

"ಅಯ್ಯೋ, ಕೈಗೆ ಬಂದ ತುತ್ತು!"

"ಕದ್ದ ತುತ್ತು ಕಣೋ."

ತಿಮ್ಮರಾಯ ಹಲ್ಲು ಕಚ್ಚಿಕೊಂಡು ಹೋದ, ಹೇಳಿದ, ಬಿಟ್ಟುಕೊಟ್ಟ. ಆಟ ಸಮವಾಯಿತು.

ಕೊನೆಯ ಕುಳಿ. ಇಬ್ಬರ ಏಟೂ ಸಮ, ಇಬ್ಬರ ಚೆಂಡೂ ಮರಳಿನ ಮೇಲೆ. ದೂರವಿದ್ದ ದೊರೆಯದು ಮೊದಲ ಸರದಿ.

"ಇವನು ಹಲಗೆ ಮುಟ್ಟಕೂಡದು" ಎಂದ ದೊರೆ.

ಮುನಿಚೌಡಪ್ಪ ಪಂಚೆ ಎತ್ತಿಕಟ್ಟಿ ಹಲಗೆ ಹಿಡಿದ. ಶಿಷ್ಯ ಅವನ ಹತ್ತಿರ ಬಂದ.

"ಐದು ಸಲ ಗೆದ್ದವರು ನೀವು. ಅವನಿಗೆ ಎಳೀತೀರಾ?"

"ಐದು ಸಲವೂ ಎದುರಾಳಿಗೆ ನಾನೇ ಎಳೆದುಕೊಟ್ಟಿದ್ದೆ."

ಮುದುಕ ಬಗ್ಗಿ ಗೇಣು ಗೇಣಾಗಿ ಎಳೆದ. ಒಂದು ಹರಳು ಸಿಕ್ಕಿತು, ಕಿತ್ತು ಎಸೆದ. ದೊರೆ ಹೊಡೆದ. ಚೆಂಡು ನೆಟ್ಟಗೆ ಹೋಗಿ ಕುಳಿಗೆ ಬಿತ್ತು.

ತಿಮ್ಮರಾಯನದೂ ಬಿದ್ದರೆ ಆಟ ಉಳಿಯುತ್ತದೆ. ತಪ್ಪಿದರೆ ಕಪ್ಪು ಹೋಯಿತು.

"ನೀವು ಅಷ್ಟು ಚೆನ್ನಾಗಿ ಎಳೆದಿರಿ, ಅವನು ಹಾಕಿಯೇಬಿಟ್ಟ!" ಎಂದ ಶಿಷ್ಯ. "ಇನ್ನೇನು ಗತಿ, ಗುರುಗಳೇ?"

ಗುರು ಶಿಷ್ಯನ ಚೆಂಡಿನ ಮುಂದೆಯೂ ಅಷ್ಟೇ ನಿಧಾನವಾಗಿ ಹಲಗೆ ಎಳೆದ. ಆಮೇಲೆ ಪಕ್ಕಕ್ಕೆ ಸರಿದು ನಿಂತ.

"ಅವನು ತಪ್ಪಲಿ ಅಂತ ಕಾಯೋ ಕೆಲಸ ಮುಗೀತು. ಇನ್ನು ಹೊಡಿ."