ಅಜ್ಜಾರ ತಾಟಿನಲ್ಲಿ ಉಳಿದದ್ದು

ವರದಾ ಹೊಳೆಯ ದಂಡೆಗೆ ಒಂದು ಚಿಕ್ಕ ಮಠ. ಅಲ್ಲಿ ಇರುತ್ತಿದ್ದವರು ಇಬ್ಬರೇ, ಗುರುಗಳು ಮತ್ತು ಶಿಷ್ಯ.

ಗುರುಗಳನ್ನು ಸುತ್ತಲಿನ ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಶಿಷ್ಯನ ಹೆಸರು ಅಡಿವೆಪ್ಪ. ಸರಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು, ಹೆಂಡತಿ ತೀರಿಕೊಂಡ ಮೇಲೆ ಮಠಕ್ಕೆ ಬಂದು ಉಳಿದಿದ್ದ.

ಮುಪ್ಪಿನಲ್ಲಿ ಅಜ್ಜಾರಿಗೆ ಸಕ್ಕರೆ ಕಾಯಿಲೆ ಬಂತು.

ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದರು: "ಅಜ್ಜಾರೇ, ಇದಕ್ಕೆ ಮಂತ್ರ ಇಲ್ಲ, ಗುಟ್ಟೂ ಇಲ್ಲ. ಸಿಹಿ ಬಿಡಬೇಕು. ಅನ್ನ ಕಡಿಮೆ, ಕಾಳು ಸೊಪ್ಪು ಹೆಚ್ಚು. ದಿನಾ ಮೈ ಬೆವರೋ ಹಾಗೆ ನಡೀಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು, ಗುಳಿಗೆ ತಪ್ಪಿಸಬಾರದು. ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿ ಕಂಡುಕೊಂಡ ಮಾತು ಇದು. ಹೀಗೆ ನಡೆದುಕೊಂಡವರು ಹೆಚ್ಚು ಕಾಲ ಬಾಳಿದ್ದಾರೆ."

"ಹೆಚ್ಚು ಕಾಲ ಬಾಳಿ ಏನ್ ಮಾಡೂದವ್ವಾ?" ಎಂದರು ಅಜ್ಜಾರು.

ಡಾಕ್ಟರಮ್ಮ ನಕ್ಕರು. ಅಡಿವೆಪ್ಪ ನಗಲಿಲ್ಲ.

"ಅದನ್ನ ನನಗ ಬಿಡ್ರಿ. ಅಜ್ಜಾರು ನೂರು ವರ್ಷ ಇರಬೇಕು. ನಾ ನೋಡಿಕೊಂತೀನಿ," ಎಂದ.

ನೋಡಿಕೊಂಡ.

ಬೆಳಿಗ್ಗೆ ಎದ್ದ ಕೂಡಲೇ ಅಜ್ಜಾರ ಬೆರಳಿಗೆ ಸೂಜಿ ಚುಚ್ಚಿ, ಹನಿ ರಕ್ತ ತೆಗೆದು, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರದಲ್ಲಿ ಸಕ್ಕರೆ ನೋಡುತ್ತಿದ್ದ. ಹೊಳೆಯ ದಂಡೆಗುಂಟ ನಡೆಸುತ್ತಿದ್ದ. ಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಲೆ ಬಡಿಸುತ್ತಿದ್ದ. ಗುಳಿಗೆ ಬಾಯಿಗೆ ಹಾಕಿಕೊಂಡದ್ದನ್ನು ನೋಡಿಯೇ ನೀರು ಕೊಡುತ್ತಿದ್ದ.

"ನೀ ಶಿಷ್ಯನೋ, ಪೊಲೀಸನೋ?" ಎನ್ನುತ್ತಿದ್ದರು ಅಜ್ಜಾರು.

"ಎರಡೂ ಹೌದ್ರಿ. ಬಾಯಿ ತಗೀರಿ."

ಆದರೆ ಮಠ ಅಂದ ಮೇಲೆ ಭಕ್ತರು ಬರುತ್ತಾರೆ. ಮಗನಿಗೆ ನೌಕರಿಯಾದರೆ ಹೋಳಿಗೆ, ಎಮ್ಮೆ ಈದರೆ ಗಿಣ್ಣ, ಕೂಸು ಹುಟ್ಟಿದರೆ ತುಪ್ಪ ಸುರಿದ ಗೋಧಿ ಹುಗ್ಗಿ. ತಂದದ್ದು ಅಜ್ಜಾರ ತಾಟಿಗೆ ಬೀಳಬೇಕು. ಅಜ್ಜಾರು ಮುಟ್ಟಿದ ಮೇಲೆ ಅದು ಪ್ರಸಾದ. ಪ್ರಸಾದದ ಒಂದು ಅಗುಳೂ ಚೆಲ್ಲುವಂತಿಲ್ಲ. ತಾಟು ತೊಳೆದ ನೀರನ್ನೂ ಕುಡಿಯಬೇಕು. ಗುರುವಿನ ತಾಟಿನಲ್ಲಿ ಉಳಿದದ್ದು ಶಿಷ್ಯನ ಪಾಲು.

ಹಿಂದಿನಿಂದ ನಡೆದು ಬಂದದ್ದು ಇದು. ಯಾರೂ ಮುರಿದಿರಲಿಲ್ಲ.

ಅಡಿವೆಪ್ಪ ಒಂದು ದಾರಿ ಹುಡುಕಿದ.

"ಅಜ್ಜಾರ, ಬ್ಯಾಡ ಅನಬ್ಯಾಡ್ರಿ, ಭಕ್ತರು ನೊಂದುಕೊಂತಾರ. ಬೆರಳಿಂದ ಸುಮ್ಮನ ಮುಟ್ಟರಿ, ಸಾಕು. ಮುಂದಿಂದು ನಾ ನೋಡತೀನಿ."

ಅಜ್ಜಾರು ಮುಟ್ಟುವರು. ಭಕ್ತರು ಕೈಮುಗಿಯುವರು. ತಾಟು ಒಳಗೆ ಹೋಗುವುದು.

ಒಳಗೆ ಅಡಿವೆಪ್ಪ ಗೋಡೆಗೆ ಮುಖ ಮಾಡಿ ಕೂತು, ಹಸಿವಿದ್ದರೂ ಇರದಿದ್ದರೂ, ಅಷ್ಟನ್ನೂ ಉಣ್ಣುವನು. ತಾಟು ತೊಳೆದು ಕುಡಿಯುವನು.

ಹೀಗೆ ಕೆಲವು ವರ್ಷ ಸಂದವು. ಅಜ್ಜಾರ ಮೈ ಹಗುರಾಯಿತು. ಡಾಕ್ಟರಮ್ಮ ಗುಳಿಗೆ ಕಡಿಮೆ ಮಾಡಿದರು. "ಈ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಇಲ್ಲ," ಎಂದರು.

ಅಡಿವೆಪ್ಪನಿಗೆ ಮಾತ್ರ ಯಾಕೋ ದಣಿವು. ಎಷ್ಟು ನೀರು ಕುಡಿದರೂ ಬಾಯಿ ಒಣಗುವುದು. ಅಂಗಾಲು ಉರಿಯುವುದು. ಕಾಲಿನ ಹೆಬ್ಬೆರಳಿಗೆ ಎಂದೋ ಆದ ಗಾಯ ಮಾಯುತ್ತಿರಲಿಲ್ಲ. ಅರಿವೆ ಸುತ್ತಿಕೊಂಡು ಅದರ ಮೇಲೆಯೇ ಓಡಾಡುತ್ತಿದ್ದ.

ಏನಾಗಿದೆ ಎಂದು ಅವನಿಗೆ ಗೊತ್ತಿರಲಿಲ್ಲವೇ? ಆಸ್ಪತ್ರೆಯಲ್ಲಿ ಜೀವ ಸವೆಸಿದವನು. ಗೊತ್ತಿತ್ತು. ಅದಕ್ಕೇ ಆ ಸೂಜಿಯನ್ನು ತನ್ನ ಬೆರಳಿಗೆ ಒಮ್ಮೆಯೂ ಚುಚ್ಚಿಕೊಂಡಿರಲಿಲ್ಲ.

ಒಂದು ಬೆಳಿಗ್ಗೆ ಅವನು ಯಂತ್ರ ಹಿಡಿದು ಬಂದಾಗ ಅಜ್ಜಾರು ಕೈ ಚಾಚಲಿಲ್ಲ. ಮೂಗು ಅರಳಿಸಿ ಅವನ ಕಾಲಿನ ಕಡೆ ನೋಡಿದರು. ಅರಿವೆಯಿಂದ ವಾಸನೆ ಬರುತ್ತಿತ್ತು.

"ನಿನ್ನ ಬೆರಳು ಕೊಡು."

"ನನಗೇನಾಗೇತ್ರಿ ಅಜ್ಜಾರ? ಗಟ್ಟಿ ಅದೀನಿ."

"ಗಟ್ಟಿ ಇದ್ದವರು ಚುಚ್ಚಿಸಿಕೊಳ್ಳಾಕ ಅಂಜೂದಿಲ್ಲ. ಕೊಡು."

ಅಜ್ಜಾರೇ ಚುಚ್ಚಿದರು. ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ಅಳತೆ ಮೀರಿದೆ ಎಂಬ ಗುರುತು ತೋರಿಸಿ ಸುಮ್ಮನಾಯಿತು.

ಅಜ್ಜಾರು ಯಂತ್ರವನ್ನು ಕೆಳಗಿಟ್ಟರು.

"ನನ್ನ ರೋಗ ಎಲ್ಲಿ ಹೋತು ಅಂತಿದ್ದೆ," ಎಂದರು. "ಮಠ ಬಿಟ್ಟು ಹೋಗೇ ಇಲ್ಲ ಅದು."

ಅಂದೇ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಅರಿವೆ ಬಿಚ್ಚಿ ನೋಡಿ, ಮುಖ ಕೆಂಪಗೆ ಮಾಡಿಕೊಂಡರು.

"ಕಂಪೌಂಡರ್ ಆಗಿದ್ದವರು ನೀವು! ಊರವರಿಗೆಲ್ಲ ಬುದ್ಧಿ ಹೇಳಿದವರು! ಏನು ತಿಂತಾ ಇದ್ರಿ?"

"ಪ್ರಸಾದ್ರಿ ಮೇಡಂ. ಚೆಲ್ಲಾಕ ಬರತೈತೇನ್ರಿ?"

"ರಕ್ತಕ್ಕೆ ಅದು ಪ್ರಸಾದ ಅಂತ ಗೊತ್ತಾಗಲ್ಲ, ಅಡಿವೆಪ್ಪನವರೇ."

ಹೆಬ್ಬೆರಳು ಉಳಿಯಲಿಲ್ಲ. ಕಾಲು ಉಳಿಯಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಅಜ್ಜಾರ ಎದುರಿಗೇ ಹೇಳಿದರು: "ಊಟ ಇದೇ ಥರ ನಡೆದರೆ ಮುಂದಿನ ಸಲ ಕಾಲು ತೆಗೀಬೇಕಾಗುತ್ತೆ. ಅದಕ್ಕೂ ಮುಂದಿನದು ಹೇಳಲ್ಲ."

ಮಠಕ್ಕೆ ಬಂದು, ಕುಂಟುತ್ತಾ ಕಟ್ಟೆ ಏರಿ, ಅಡಿವೆಪ್ಪ ಕೂತ.

ಅಜ್ಜಾರು ಕೇಳಿದರು: "ಇನ್ನ ಬಿಡತೀಯೇನು?"

"ಅಜ್ಜಾರ, ಕಾಲು ಹೋದರೂ ಹೋಗಲಿ. ಪ್ರಸಾದ ಚೆಲ್ಲಿದ ಪಾಪ ನನಗ ಬ್ಯಾಡ್ರಿ."

"ಚೆಲ್ಲಬ್ಯಾಡ," ಎಂದರು ಅಜ್ಜಾರು.



ಮರುದಿನ ಪಕ್ಕದ ಊರಿನ ನೀಲವ್ವ ಬಂದಳು. ಮಗಳು ಹಡೆದಿದ್ದಳು, ಗಂಡು ಕೂಸು. ತಾಮ್ರದ ಬೋಗುಣಿಯ ತುಂಬ ಗೋಧಿ ಹುಗ್ಗಿ, ಮೇಲೆ ತುಪ್ಪ ಕೆರೆಯಾಗಿ ನಿಂತಿತ್ತು.

"ಅಜ್ಜಾರ, ಮೊದಲ ಮೊಮ್ಮಗ. ಹೊಟ್ಟಿ ತುಂಬ ಉಣಬೇಕ್ರಿ ನೀವು. ಬೆರಳು ತಾಗಿಸಿ ಬಿಡಬ್ಯಾಡ್ರಿ, ನಾ ನೋಡೇನಿ ನಿಮ್ಮ ಆಟ!"

ಅಜ್ಜಾರು ತಾಟು ತರಿಸಿದರು. ನೀಲವ್ವ ತುಂಬ ಬಡಿಸಿದಳು.

ಆಗ ಅಜ್ಜಾರು ತಾವು ಕೂರುವ ಕಂಬಳಿಯಿಂದ ಎದ್ದರು. ಅಡಿವೆಪ್ಪನ ರಟ್ಟೆ ಹಿಡಿದು ಆ ಕಂಬಳಿಯ ಮೇಲೆ ಕೂಡಿಸಿದರು. ತಾಟನ್ನು ಅವನ ಮುಂದಿಟ್ಟು, ತಾವು ಎದುರಿಗೆ ಬರಿ ನೆಲದ ಮೇಲೆ ಕೂತರು.

"ಉಣ್ಣು. ನೀ ಉಂಡು ಬಿಟ್ಟದ್ದು ಇವತ್ತಿನಿಂದ ನನಗ ಪ್ರಸಾದ. ಒಂದು ಅಗುಳೂ ಚೆಲ್ಲೂದಿಲ್ಲ. ತಾಟು ತೊಳೆದು ಕುಡಿತೀನಿ."

"ಶಿವಶಿವಾ!" ಎಂದಳು ನೀಲವ್ವ. "ಏನ್ರಿ ಇದು ಅಜ್ಜಾರ?"

ಅಡಿವೆಪ್ಪ ಏಳಲು ಹೋದ. ಅಜ್ಜಾರು ಅವನ ಮೊಣಕಾಲ ಮೇಲೆ ಕೈಯಿಟ್ಟರು.

ಅವನು ತಾಟು ನೋಡಿದ. ಎಲ್ಲಾ ತಾನೇ ಉಂಡರೆ ಕಾಲು ಹೋಗುತ್ತದೆ. ಉಳಿಸಿದರೆ ಅಜ್ಜಾರು ಉಣ್ಣುತ್ತಾರೆ. ಅಜ್ಜಾರು ಆಡಿದ ಮಾತಿಗೆ ತಪ್ಪುವವರಲ್ಲ.

ತುತ್ತು ಎತ್ತಿದ. ಕೈ ಬಾಯಿಯ ತನಕ ಹೋಗಲಿಲ್ಲ. ತಿರುಗಿ ತಾಟಿಗಿಡಲೂ ಬರಲಿಲ್ಲ. ತುಪ್ಪ ಮುಂಗೈಗುಂಟ ಇಳಿಯಿತು.

ಅಜ್ಜಾರು ಇನ್ನೂ ಮುಟ್ಟಿರದ ಹುಗ್ಗಿ ಅದು, ಪ್ರಸಾದವಾಗಿರಲಿಲ್ಲ. ಕಡೆಗೆ ತುತ್ತನ್ನು ಬೋಗುಣಿಗೆ ಹಾಕಿದ. ತಾಟಿನಲ್ಲಿದ್ದದ್ದನ್ನೂ ಬೋಗುಣಿಗೆ ಸುರಿದ.

"ನೀಲವ್ವಾ, ಇದನ್ನ ತಗೊಂಡು ಹೋಗವ್ವಾ. ನಮಗ ಇದು ಬ್ಯಾಡ."

ಆ ಮಠದಲ್ಲಿ ತಂದದ್ದಕ್ಕೆ ಬ್ಯಾಡ ಎಂಬ ಮಾತನ್ನು ಯಾವ ಭಕ್ತರೂ ಕೇಳಿರಲಿಲ್ಲ. ನೀಲವ್ವನ ಕಣ್ಣು ತುಂಬಿದವು.

"ನನ್ನ ಹುಗ್ಗಿ ಏನ್ ತಪ್ಪು ಮಾಡೇತ್ರಿ? ಮಠಕ್ಕ ತಂದದ್ದು ತಿರುಗಿ ಹ್ಯಾಂಗ ಒಯ್ಯಲಿ? ಮಂದಿ ಏನಂದಾರು?"

ಅಜ್ಜಾರು ಬೋಗುಣಿಯನ್ನು ಎರಡೂ ಕೈಯಿಂದ ಎತ್ತಿ ಅವಳಿಗೆ ಕೊಟ್ಟರು.

"ಮನ್ಯಾಗ ಬಾಣಂತಿ ಏನ್ ಉಂಡಾಳ ಇವತ್ತು?"

ನೀಲವ್ವ ತಡವರಿಸಿದಳು. "ಇದು ಮಠಕ್ಕ ಮುಟ್ಟಿದ ಮ್ಯಾಲ ಆಕಿಗೆ ಕೊಡೂದು ಅಂತ... ಇನ್ನೂ ಉಂಡಿಲ್ರಿ."

"ಹಸಿದ ಬಾಣಂತೀನ ಕೂಡಿಸಿ ನನಗ ಬಡಿಸಾಕ ಬಂದೀಯೇನವ್ವಾ? ನಡಿ. ಆಕಿ ಉಂಡರ ನನಗ ಮುಟ್ಟತೈತಿ. ಮಂದಿ ಕೇಳಿದ್ರ ಅಜ್ಜ ಹೇಳ್ಯಾನ ಅನ್ನು. ಇನ್ನ ಮ್ಯಾಲ ಸಿಹಿ ತರೋರಿಗೆಲ್ಲಾ ಇದನ್ನ ಹೇಳು."

ನೀಲವ್ವ ಬೋಗುಣಿ ಹೊತ್ತು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಹೋದಳು.

ಅಡಿವೆಪ್ಪ ಕಂಬಳಿ ಬಿಟ್ಟು ನೆಲಕ್ಕೆ ಇಳಿದು ಅಜ್ಜಾರ ಕಾಲ ಹತ್ತಿರ ಕೂತ.

"ಅಜ್ಜಾರ, ಒಂದು ಮಾತು ಹೇಳತೀನಿ. ನಿಮ್ಮ ಪಾಲಿನ ವಿಷ ನಾ ಉಣಾಕತ್ತೀನಿ ಅಂತ ಒಳಗೊಳಗ ನನಗ ಭಾಳ ಹೆಮ್ಮಿ ಇತ್ರಿ."

"ನನಗೂ ಹೇಳೂದು ಒಂದು ಐತಿ," ಎಂದರು ಅಜ್ಜಾರು. ಅವರ ದನಿ ಬಳಲಿತ್ತು. "ತಾಟು ಒಳಗ ಹೋಗೂದು ದಿನಾ ನೋಡತಿದ್ದೆ. ಅಷ್ಟೂ ನೀನೇ ಉಣತೀಯೇನು ಅಂತ ಕೇಳಲಿಲ್ಲ. ಕೇಳಿದ್ರ ಭಕ್ತರಿಗೆ ಬ್ಯಾಡ ಅನ್ನೂ ಮಾತು ನಾನೇ ಆಡಬೇಕಾಗತಿತ್ತು."

ಹೊಳೆಯ ಗಾಳಿ ಬೀಸಿತು.

ಹೊತ್ತು ಮೇಲೇರಿದ ಮೇಲೆ ಅಡಿವೆಪ್ಪ ಎದ್ದು ಒಳಗೆ ಹೋದ. ರೊಟ್ಟಿ, ಕಾಳು ತಂದು ಅಜ್ಜಾರಿಗೆ ಬಡಿಸಿ, ಎಂದಿನಂತೆ ಬದಿಗೆ ಸರಿದು ಕೈಕಟ್ಟಿ ನಿಂತ.

"ನೀ?"

"ನೀವು ಮೊದಲು ಉಣ್ಣರಿ. ನಂದೇನೈತಿ? ಬೆರಳು ಹೋದ ಮನುಷ್ಯ. ನೀವು ಗಟ್ಟಿ ಇರಬೇಕ್ರಿ, ಇನ್ನೂ ಭಾಳ ವರ್ಷ ಇರಬೇಕು."

ಅಜ್ಜಾರು ಗೋಡೆ ಹಿಡಿದು ಎದ್ದರು. ಒಳಗೆ ಹೋಗಿ ಇನ್ನೊಂದು ತಾಟು ತಂದು ತಮ್ಮ ತಾಟಿನ ಎದುರಿಗಿಟ್ಟರು. ತಮ್ಮ ರೊಟ್ಟಿಯನ್ನು ಮುರಿದು ಅರ್ಧ ಅದಕ್ಕೆ ಹಾಕಿ, ನಿಧಾನವಾಗಿ ಕೂತರು.

"ನೀ ಇರದಿದ್ರ ಅಷ್ಟೂ ವರ್ಷ ನಾ ಯಾರ ಎದುರಿಗೆ ಕೂತು ಉಣಲಿ, ಅಡಿವೆಪ್ಪಾ?"