ಎರಡೂ ಕಡೆಗೆ ಮುಚ್ಚಿದ ಬಾಗಿಲು

"ಗುರುಗಳೇ, ಇಬ್ಬರು ಕಾದಾಡುತ್ತಿರುವಾಗ ಇಬ್ಬರಿಗೂ ಆಯುಧ ಕೊಡದೆ ದೂರ ನಿಂತವನಿಗೆ ಆ ಕಾಳಗದ ಪಾಪ ತಟ್ಟುತ್ತದೆಯೇ?" ಎಂದು ಮರುಳಯ್ಯ ಕೇಳಿದ.

ಗುರು ಓದುತ್ತಿದ್ದ ಓಲೆಗಳನ್ನು ಕಟ್ಟಿ ಪಕ್ಕಕ್ಕಿಟ್ಟರು. ಮರುಳಯ್ಯ ಮಠ ಸೇರಿ ಆರು ವರ್ಷವಾಗಿತ್ತು. ಹೌದು ಎಂದರೂ ಅಲ್ಲ ಎಂದರೂ ಅವನು ಒಪ್ಪುವವನಲ್ಲ ಎಂದು ಗುರುವಿಗೆ ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಎರಡು ರಾಜ್ಯಗಳ ಗಡಿಯಲ್ಲಿ ಕಮ್ಮಾರರ ಊರೊಂದಿತ್ತು. ಅದು ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಊರ ಹಿಂದಿನ ಗುಡ್ಡದಲ್ಲಿ ಕಬ್ಬಿಣದ ಅದಿರು, ಊರೊಳಗೆ ನಲವತ್ತು ಕುಲುಮೆ. ಅಲ್ಲಿ ಬಡಿದ ಕತ್ತಿ ಬಾಗಿದರೂ ಮುರಿಯುವುದಿಲ್ಲ ಎಂಬ ಮಾತಿತ್ತು. ಮೂಡಣ ರಾಜ್ಯಕ್ಕೂ ಪಡುವಣ ರಾಜ್ಯಕ್ಕೂ ಆಗಾಗ ಯುದ್ಧವಾಗುತ್ತಿತ್ತು. ಕಮ್ಮಾರರು ಇಬ್ಬರಿಗೂ ಮಾರುತ್ತಿದ್ದರು.

ಮಾಚೋಜ ಎಂಬ ಕಮ್ಮಾರ ಆ ಊರಿನ ಹಿರಿಯ. ಅವನ ಒಬ್ಬಳೇ ಮಗಳು ಜಕ್ಕಲೆ. ಅವಳನ್ನು ಪಡುವಣ ರಾಜ್ಯದ ಒಂದು ಮನೆಗೆ ಕೊಟ್ಟಿದ್ದ. ಒಂದು ಯುದ್ಧದ ನಂತರ ಜಕ್ಕಲೆ ತವರಿಗೆ ಬಂದಳು. ಅಳಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಬಾಣದ ಮೊನೆಯನ್ನು ತಂದೆಯ ಮುಂದಿಟ್ಟಳು. ಅದನ್ನು ಅವಳ ಗಂಡನ ಎದೆಯಿಂದ ತೆಗೆದಿದ್ದರು. ಮೊನೆಯ ಬುಡದಲ್ಲಿ ಮಾಚೋಜನ ಕುಲುಮೆಯ ಗುರುತಿತ್ತು.

"ಅಪ್ಪ, ಇದು ನೀನು ಮಾಡಿದ್ದೇ ಅಲ್ಲವೇ?" ಎಂದು ಕೇಳಿದಳು.

ಮಾಚೋಜ ಹೌದೆಂದ. ಮೂರು ದಿನ ಕುಲುಮೆಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಊರವರನ್ನೆಲ್ಲ ಕೂಡಿಸಿದ. ಅಂದು ಒಂದು ಕಟ್ಟಳೆಯಾಯಿತು. ಯಾವ ರಾಜ್ಯಗಳ ನಡುವೆ ಯುದ್ಧ ಆರಂಭವಾದರೂ, ಆರಂಭವಾದ ದಿನದಿಂದ ಮುಗಿಯುವ ದಿನದವರೆಗೆ ಅವರಿಗೆ ಈ ಊರಿನಿಂದ ಕತ್ತಿ, ಈಟಿ, ಬಾಣ ಹೋಗಕೂಡದು. ಅವರಿಗೆ ತಲುಪಿಸುವ ವರ್ತಕನಿಗೂ ಕೊಡಕೂಡದು. ಇವರು ನೆಂಟರು, ಅವರು ಹಗೆಗಳು ಎಂಬ ಭೇದವಿಲ್ಲ. ಮೀರಿದವನ ಕುಲುಮೆಯನ್ನು ಆರಿಸತಕ್ಕದ್ದು. ಇಷ್ಟನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದರು.

ಎರಡು ವರ್ಷದ ಮೇಲೆ ಮತ್ತೆ ಯುದ್ಧ ಬಂತು. ಕಮ್ಮಾರರು ಬಾಗಿಲು ಮುಚ್ಚಿದರು. ಎರಡೂ ಕಡೆಯವರಿಗೆ ಆಯುಧ ಸಾಲದೆ ಎರಡೇ ತಿಂಗಳಲ್ಲಿ ಸಂಧಿಯಾಯಿತು. ಕಟ್ಟಳೆ ಒಳ್ಳೆಯದೆಂದು ಎರಡೂ ರಾಜ್ಯದ ತಾಯಂದಿರು ಹೇಳಿದರು. ಅದು ಒಳ್ಳೆಯದೇ ಆಗಿತ್ತು.

ಆಮೇಲೆ ಹತ್ತು ವರ್ಷ ಯುದ್ಧವಿರಲಿಲ್ಲ. ಮೂಡಣಕ್ಕೆ ಹೊಸ ಅರಸ ಬಂದಿದ್ದ. ಪ್ರತಿವರ್ಷ ಸುಗ್ಗಿ ಮುಗಿದೊಡನೆ ಅವನ ಬಂಡಿಗಳು ಕಮ್ಮಾರರ ಊರಿಗೆ ಬರತೊಡಗಿದವು. ಮೊದಲ ವರ್ಷ ಐದು ಬಂಡಿ ಈಟಿ, ಮರುವರ್ಷ ಹನ್ನೆರಡು. ಆಮೇಲೆ ಸಾಲಿನ ಕೊನೆಯ ಬಂಡಿ ಊರೊಳಗಿರುವಾಗ ಮೊದಲನೆಯದು ಗಡಿಯ ಹೊಳೆ ತಲುಪಿರುತ್ತಿತ್ತು. ಅರಮನೆಯ ಕಾವಲಿಗೆ ಎಂದು ಬಂಡಿಯವರು ಹೇಳುತ್ತಿದ್ದರು. ಯಾರೂ ಎರಡನೆಯ ಸಲ ಕೇಳಲಿಲ್ಲ. ನಲವತ್ತು ಕುಲುಮೆ ಎಪ್ಪತ್ತಾದವು. ಹುಲ್ಲು ಹೊದಿಸಿದ ಮನೆಗಳಿಗೆ ಹೆಂಚು ಬಂತು. ಮಾಚೋಜನೂ ಬಡಿದ. ಯುದ್ಧವಿಲ್ಲದ ಕಾಲ, ಕಟ್ಟಳೆಗೆ ಅಡ್ಡಿಯಿರಲಿಲ್ಲ.

ಪಡುವಣದವರು ಆ ಹತ್ತು ವರ್ಷ ಕೆರೆ ಕಟ್ಟಿಸುತ್ತಿದ್ದರು. ಅವರು ಕೊಂಡದ್ದು ಹಾರೆ, ಗುದ್ದಲಿ, ನೇಗಿಲ ಗುಳ.

ಹನ್ನೊಂದನೆಯ ವರ್ಷ ಮೂಡಣದ ಸೈನ್ಯ ಹೊಳೆ ದಾಟಿ ಪಡುವಣದೊಳಕ್ಕೆ ನುಗ್ಗಿತು. ಸುದ್ದಿ ಬಂದ ದಿನವೇ ಕಮ್ಮಾರರು ಬಾಗಿಲು ಮುಚ್ಚಿದರು.

ಐದನೆಯ ದಿನ ಬಾಗಿಲ ಮುಂದೆ ಎರಡು ಖಾಲಿ ಬಂಡಿ ಬಂದು ನಿಂತವು. ಜೊತೆಯಲ್ಲಿ ಒಬ್ಬ ಹೆಂಗಸು ಇದ್ದಳು. ಹೆಸರು ಬೊಮ್ಮಕ್ಕ, ಪಡುವಣದ ಗಡಿಯೂರಿನ ಗೌಡತಿ. ಗೌಡ ಯುದ್ಧದ ಮೊದಲ ದಿನವೇ ಸತ್ತಿದ್ದ. ಊರು ಈಗ ಅವಳ ಮಾತು ಕೇಳುತ್ತಿತ್ತು. ಮಾಚೋಜ ಹೊರಗೆ ಬಂದು ಅವಳನ್ನು ಊರ ಬಾಗಿಲ ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟ. ಅವಳು ನೀರು ಕುಡಿದು ಚೊಂಬು ಕೆಳಗಿಟ್ಟಳು.

"ಇನ್ನೂರು ಈಟಿ ಕೊಡಿ ಯಜಮಾನರೇ. ನಾವು ಹೊಳೆ ದಾಟಿ ಯಾರ ಮೇಲೂ ಹೋಗುವವರಲ್ಲ. ನಮ್ಮ ಮನೆ ಬಾಗಿಲಲ್ಲಿ ನಿಲ್ಲುತ್ತೇವೆ."

"ಕೊಡುವಂತಿಲ್ಲ ತಾಯಿ. ಅಗೋ, ಆ ಕಲ್ಲಿನಲ್ಲಿದೆ. ನಿಮಗಷ್ಟೇ ಅಲ್ಲ, ಮೂಡಣದವರು ಬಂದು ಕೇಳಿದರೂ ಕೊಡುವುದಿಲ್ಲ."

"ಅವರು ಯಾಕೆ ಬಂದು ಕೇಳುತ್ತಾರೆ?" ಎಂದಳು ಬೊಮ್ಮಕ್ಕ.

ಕಾಳು ಮತ್ತು ಬಟ್ಟೆ ಕೊಡಲು ಅಡ್ಡಿಯಿಲ್ಲ ಎಂದ ಮಾಚೋಜ. ಊರವರು ರಾಗಿ ತಂದರು, ಗಾಯಕ್ಕೆ ಕಟ್ಟಲು ಹಳೆಯ ಪಂಚೆ ತಂದರು. ಎರಡೂ ಬಂಡಿ ತುಂಬಿದವು. ಬೊಮ್ಮಕ್ಕ ಬೇಡ ಎನ್ನಲಿಲ್ಲ. "ನಾವು ಹೋಗುವ ಹೊತ್ತಿಗೆ ಉಣ್ಣುವವರು ಉಳಿದಿದ್ದರೆ ಉಣ್ಣುತ್ತಾರೆ" ಎಂದಳು.

ಬಂಡಿ ಇನ್ನೂ ಹೊರಟಿರಲಿಲ್ಲ. ಜಕ್ಕಲೆ ತಂದೆಯನ್ನು ಒಳಗೆ ಕರೆದಳು.

"ಅಪ್ಪ, ಈ ಕಟ್ಟಳೆ ಆದದ್ದು ನನ್ನಿಂದ. ಈಗ ನಾನೇ ಕೇಳುತ್ತಿದ್ದೇನೆ. ಅವಳಿಗೆ ಈಟಿ ಕೊಡು."

"ಕೊಟ್ಟರೆ ಆ ಈಟಿ ಮೂಡಣದ ಒಬ್ಬ ಹೆಣ್ಣುಮಗಳನ್ನು ತವರಿಗೆ ಕಳಿಸುತ್ತದೆ ಮಗಳೇ. ನಿನ್ನನ್ನು ಕಳಿಸಿದ ಹಾಗೆ. ಇಂದು ಇವಳ ಕಾರಣ ಒಳ್ಳೆಯದು. ನಾಳೆ ಬರುವವನೂ ಒಳ್ಳೆಯ ಕಾರಣವನ್ನೇ ತರುತ್ತಾನೆ. ಆಗ ಕಲ್ಲು ಬರೀ ಕಲ್ಲಾಗುತ್ತದೆ."

ಅವನು ಹೇಳಿದ್ದು ಸುಳ್ಳಲ್ಲ. ಜಕ್ಕಲೆ ಹೊರಗೆ ಬಂದು ಬಂಡಿಯ ಜೊತೆ ಗುಡ್ಡದ ತಿರುವಿನವರೆಗೆ ನಡೆದು ಹೋಗಿ ಹಿಂದಿರುಗಿದಳು.

ಇಪ್ಪತ್ತು ದಿನಗಳಲ್ಲಿ ಎಲ್ಲ ಮುಗಿಯಿತು. ಪಡುವಣದ ಹಳ್ಳಿಯವರು ಹಾರೆ ಗುದ್ದಲಿ ಹಿಡಿದು ನಿಂತಿದ್ದರು. ಉಳಿದವರು ಮಕ್ಕಳನ್ನು ಹೊತ್ತು ಗುಡ್ಡ ಹತ್ತಿ ಬಂದರು. ಕಮ್ಮಾರರು ಬಾಗಿಲು ತೆರೆದರು. ಒಂದೊಂದು ಮನೆಯೂ ಒಂದೊಂದು ಸಂಸಾರವನ್ನು ಒಳಗೆ ಕರೆದುಕೊಂಡಿತು. ಜಕ್ಕಲೆ ಬಂದವರನ್ನೆಲ್ಲ ಬೊಮ್ಮಕ್ಕನ ವಿಷಯ ಕೇಳಿದಳು. ಕೈಮುರಿದ ಒಬ್ಬ ಮುದುಕ ಹೇಳಿದ: "ಗೌಡತಿ ಕೆರೆಯ ಏರಿಯ ಮೇಲೆ ನಿಂತಿದ್ದರು. ಅವರನ್ನು ದಾಟಿಕೊಂಡೇ ಮೂಡಣದವರು ಊರೊಳಗೆ ಬಂದರು." ಜಕ್ಕಲೆ ಮತ್ತೆ ಯಾರನ್ನೂ ಕೇಳಲಿಲ್ಲ.

ಯುದ್ಧ ಮುಗಿದ ತಿಂಗಳಿಗೆ ಮೂಡಣದ ದೂತನೊಬ್ಬ ಬಂದ. ಮಾಚೋಜನಿಗೆ ಜರಿಯ ಶಾಲು, ಊರಿಗೆಲ್ಲ ಬೆಲ್ಲ ತಂದಿದ್ದ.

"ನೀವು ಯಾರ ಪಕ್ಷವನ್ನೂ ಹಿಡಿಯಲಿಲ್ಲ. ನಿಮ್ಮ ಉಪಕಾರವನ್ನು ನಮ್ಮ ಅರಸರು ಮರೆಯುವುದಿಲ್ಲ" ಎಂದ.

"ನಾವು ಮಾಡಿದ ಉಪಕಾರ ಯಾವುದು?" ಎಂದು ಮಾಚೋಜ ಕೇಳಿದ.

ದೂತ ಸರಳ ಮನುಷ್ಯ. ಮುಚ್ಚಿಡಲಿಲ್ಲ. "ಅರಸರು ಪಟ್ಟಕ್ಕೆ ಬಂದ ವರ್ಷವೇ ನಿಮ್ಮ ಈ ಕಲ್ಲಿನ ಬರಹವನ್ನು ಬರೆಸಿ ತರಿಸಿಕೊಂಡಿದ್ದರು. ನಮ್ಮ ಉಗ್ರಾಣ ತುಂಬಿದ ಮೇಲೆ ಯುದ್ಧದ ದಿನ ಗೊತ್ತುಮಾಡಿದರು. ಅಂದಿನಿಂದ ನೀವು ಪಡುವಣಕ್ಕೆ ಕೊಡುವುದಿಲ್ಲ ಎಂಬ ಭರವಸೆ ಅವರಿಗಿತ್ತು. ನೀವು ಮಾತಿಗೆ ತಪ್ಪುವವರಲ್ಲವಲ್ಲ."

ಮಾಚೋಜ ಶಾಲನ್ನು ಮುಟ್ಟಲಿಲ್ಲ. ಅಂಗಳದಲ್ಲಿ ಪಡುವಣದ ಮಕ್ಕಳು ಬೆಲ್ಲಕ್ಕೆ ಕೈಯೊಡ್ಡಿ ನಿಂತಿದ್ದವು, ಅದು ಯಾರದೆಂದು ಅವಕ್ಕೆ ತಿಳಿದಿರಲಿಲ್ಲ. ಅವನು ಅವನ್ನು ತಡೆಯಲಿಲ್ಲ. ಮರುದಿನ ಊರವರನ್ನು ಕರೆದು ಹಿರಿತನವನ್ನು ಬಿಟ್ಟುಕೊಟ್ಟ. ಬಹಳ ದಿನ ಬದುಕಿದ. ಮತ್ತೆ ಸುತ್ತಿಗೆ ಹಿಡಿಯಲಿಲ್ಲ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

"ಗುರುಗಳೇ, ಹಾಗಾದರೆ ಬೊಮ್ಮಕ್ಕ ಬಂದ ದಿನ ಮಾಚೋಜ ಕಟ್ಟಳೆ ಮುರಿದು ಈಟಿ ಕೊಡಬೇಕಿತ್ತೇ?" ಎಂದು ಮರುಳಯ್ಯ ಕೇಳಿದ.

ಗುರು ಹೇಳಿದರು: "ಅವಳು ಬಂದ ದಿನದ ಮಾತು ಕೇಳುತ್ತಿದ್ದೀಯೆ ಮರುಳಯ್ಯ; ಅದರ ಹಿಂದಿನ ಹತ್ತು ವರ್ಷದ ಮಾತನ್ನು ನೀನೂ ಕೇಳಲಿಲ್ಲ."